ಡಿಟಾಕ್ಸ್ ಮುಗಿದರೆ ವಾಸಿಯಾದಂತಲ್ಲ: ಕುಡಿತ, ಮಾದಕ ವ್ಯಸನದ ಪದಗಳನ್ನು ಮನೆಯವರು ತಿಳಿದುಕೊಳ್ಳುವ ಬಗೆ

ಅಣ್ಣನನ್ನು ಆಸ್ಪತ್ರೆಗೆ ಸೇರಿಸಿ ಆರನೇ ದಿನ. ರೌಂಡ್ಸಿಗೆ ಬಂದ ಡಾಕ್ಟರು ಕೇಸ್ ಶೀಟ್ ತಿರುವಿ ಹಾಕಿ, "ಡಿಟಾಕ್ಸ್ ಮುಗೀತು ಅನ್ನಬಹುದು" ಎಂದರು. ನಾನು ಕಾರಿಡಾರಿಗೆ ಓಡಿ ಮನೆಗೆ ಫೋನ್ ಮಾಡಿ "ವಾಸಿಯಾಯ್ತಂತೆ" ಎಂದೆ. ಅತ್ತಿಗೆಗೆ ಮಾತೇ ಹೊರಡಲಿಲ್ಲ. ಹತ್ತನೇ ದಿನ ಅಣ್ಣ ಮನೆಗೆ ಬಂದ. ಇಪ್ಪತ್ತನೇ ದಿನ ಮತ್ತೆ ಕುಡಿದ. ಆಸ್ಪತ್ರೆಯವರು ದುಡ್ಡು ಕಿತ್ತುಕೊಂಡು ಮೋಸ ಮಾಡಿದರು ಅಂತ ನಾವೆಲ್ಲ ಕೂತು ಬೈದದ್ದೇ ಬೈದದ್ದು.

ಯಾರೂ ಮೋಸ ಮಾಡಿರಲಿಲ್ಲ. ಮೈಯಿಂದ ಮದ್ಯ ಇಳಿಯುವಾಗ ಆಗುವ ಅಪಾಯಗಳನ್ನು ಔಷಧಿ ಕೊಟ್ಟು ದಾಟಿಸುವುದಕ್ಕೆ ಡಿಟಾಕ್ಸ್ ಅನ್ನುತ್ತಾರೆ. ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನ ಕೆಲಸ. ವ್ಯಸನದ ಚಿಕಿತ್ಸೆ ಶುರುವಾಗುವುದು ಅದಾದ ಮೇಲೆ. ಡಾಕ್ಟರು ಹೇಳಿದ್ದು ಸರಿಯಾಗಿಯೇ ಇತ್ತು, ನಾನು ಕೇಳಿಸಿಕೊಂಡದ್ದು ಬೇರೆ.

ಆಮೇಲಿನ ಎರಡು ವರ್ಷ ಇಂಥ ಪದಗಳ ನಡುವೆಯೇ ಓಡಾಡಿದೆ. ಮನೆಯವರು ಮಾಡುವ ತಪ್ಪುಗಳಲ್ಲಿ ಬಹುಪಾಲು ಪ್ರೀತಿ ಸಾಲದೆ ಆಗುವಂಥವಲ್ಲ, ಒಂದು ಪದವನ್ನು ತಪ್ಪಾಗಿ ತಿಳಿದು ಆಗುವಂಥವು ಅಂತ ನನಗೆ ಈಗ ಅನ್ನಿಸುತ್ತದೆ. ಅದಕ್ಕೇ ಇದನ್ನು ಅಕಾರಾದಿಯಾಗಿ ಬರೆದಿಲ್ಲ. ಯಾವ ಪದ ಯಾವ ಹೊತ್ತಿಗೆ ಎದುರಾಗುತ್ತದೋ ಆ ಸರದಿಯಲ್ಲೇ ಬರೆದಿದ್ದೇನೆ.

ಹೆಜ್ಜೆ 1: ಪದ ಬದಿಗಿಟ್ಟು ಕಂಡದ್ದನ್ನು ಬರೆಯಿರಿ

ಡಾಕ್ಟರ ಹತ್ತಿರ ಹೋಗಿ "ತುಂಬಾ ಕುಡೀತಾರೆ ಸಾರ್" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ಇಷ್ಟನ್ನು ಬರೆಯಿರಿ: ಕೊನೆಯ ಸಲ ಕುಡಿದದ್ದು ಯಾವ ದಿನ, ಎಷ್ಟು ಗಂಟೆಗೆ. ದಿನಕ್ಕೆ ಎಷ್ಟು, ಯಾವುದು. ಬೆಳಿಗ್ಗೆ ಎದ್ದ ತಕ್ಷಣ ಬೇಕಾಗುತ್ತದೆಯೇ. ಹಿಂದೆ ಯಾವಾಗಲಾದರೂ ಬಿಟ್ಟಾಗ ಕೈ ನಡುಗಿತ್ತೇ, ಫಿಟ್ಸ್ ಬಂದಿತ್ತೇ, ಇಲ್ಲದ್ದು ಕಾಣಿಸಿತ್ತೇ. ನಿದ್ದೆ ಮಾತ್ರೆಯೋ ನೋವಿನ ಮಾತ್ರೆಯೋ ಜೊತೆಗೆ ನುಂಗುತ್ತಾರೆಯೇ.

ಇದರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಮುಖ್ಯ. ಕೊನೆಯ ಗುಟುಕಿನ ಗಂಟೆ ಗೊತ್ತಿದ್ದರೆ ಮುಂದಿನ ಮೂರು ನಾಲ್ಕು ದಿನ ಯಾವಾಗ ಏನಾಗಬಹುದು ಎಂದು ವೈದ್ಯರು ಲೆಕ್ಕ ಹಾಕಬಲ್ಲರು.

ಹೆಜ್ಜೆ 2: ಬಳಕೆ, ಹಾನಿಕರ ಬಳಕೆ, ಅವಲಂಬನೆ. ಮೂರನ್ನೂ ಬೇರೆ ಬೇರೆಯಾಗಿ ನೋಡಿ

'ಚಟ' ಎಂಬ ಪದದ ಹೊಟ್ಟೆ ದೊಡ್ಡದು. ಉಗುರು ಕಚ್ಚುವುದೂ ಚಟ, ಹೆರಾಯಿನ್ನೂ ಚಟ. ಜೊತೆಗೆ ಅದರೊಳಗೆ ಒಂದು ಬೈಗುಳವೂ ಕೂತಿದೆ: ಮನಸ್ಸು ಮಾಡಿದರೆ ಬಿಡಬಹುದು, ಇವನು ಮನಸ್ಸು ಮಾಡುತ್ತಿಲ್ಲ ಅನ್ನುವ ಅರ್ಥ. ಹಾಗಾಗಿ ವೈದ್ಯರು ಆ ಪದ ಮುಟ್ಟುವುದು ಕಡಿಮೆ. 'ಅಡಿಕ್ಷನ್' ಬದಲು 'ಡಿಪೆಂಡೆನ್ಸ್', ಅಂದರೆ ಅವಲಂಬನೆ, ಎನ್ನಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳಿದ್ದು 1964ರಲ್ಲಿ. ಆದರೂ ಅಡಿಕ್ಷನ್ ಪದ ಎಲ್ಲೂ ಹೋಗಿಲ್ಲ.

ಬಳಕೆ ಎಂದರೆ ಬಳಸುವುದು, ಅಷ್ಟೇ. ಬಳಕೆಯಿಂದ ಮೈಗೋ ಮನಸ್ಸಿಗೋ ಏಟು ಬಿದ್ದಿದ್ದರೆ ಅದು ಹಾನಿಕರ ಬಳಕೆ. ಲಿವರ್ ಕೆಟ್ಟಿದೆ ಆದರೆ ಬೇಕೆಂದಾಗ ನಿಲ್ಲಿಸಬಲ್ಲರು ಎನ್ನುವವರು ಈ ಗುಂಪಿನವರು. ಅವಲಂಬನೆ ಮೂರನೆಯದು. ಆಸ್ಪತ್ರೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಐಸಿಡಿ-10 ಎಂಬ ರೋಗಪಟ್ಟಿ ಇದಕ್ಕೆ ಆರು ಗುರುತು ಹೇಳುತ್ತದೆ: ತಡೆಯಲಾಗದ ಬಯಕೆ, ಶುರು ಮಾಡಿದರೆ ನಿಲ್ಲಿಸಲಾಗದಿರುವುದು, ಬಿಟ್ಟಾಗ ಮೈ ಒದ್ದಾಡುವುದು, ಹಳೆಯ ಅಳತೆ ಸಾಲದಾಗುವುದು, ಬೇರೆ ಆಸಕ್ತಿಗಳೆಲ್ಲ ಬತ್ತಿಹೋಗುವುದು, ಹಾಳಾಗುತ್ತಿದ್ದೇನೆಂದು ಗೊತ್ತಿದ್ದೂ ಮುಂದುವರಿಸುವುದು. ಒಂದು ವರ್ಷದೊಳಗೆ ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೆ ಅವಲಂಬನೆ. 2022ರಲ್ಲಿ ಜಾರಿಗೆ ಬಂದ ಐಸಿಡಿ-11 ಈ ಆರನ್ನು ಮೂರು ಗೊಂಚಲಾಗಿ ಕಟ್ಟಿ, ಎರಡಿದ್ದರೆ ಸಾಕು ಅನ್ನುತ್ತದೆ. ಅಮೆರಿಕದ ಮನೋವೈದ್ಯರ ಡಿಎಸ್‌ಎಂ-5 (2013) ಎಂಬ ರೋಗಪಟ್ಟಿ ಬೇರೆ ದಾರಿ ಹಿಡಿದು, ಎಲ್ಲವನ್ನೂ 'ಬಳಕೆಯ ಅಸ್ವಸ್ಥತೆ' ಎಂಬ ಒಂದೇ ಹೆಸರಿನಡಿ ತಂದಿದೆ: ಹನ್ನೊಂದು ಗುರುತುಗಳಲ್ಲಿ ಎರಡು ಮೂರಿದ್ದರೆ ಸೌಮ್ಯ, ನಾಲ್ಕೈದಿದ್ದರೆ ಮಧ್ಯಮ, ಆರು ಅಥವಾ ಹೆಚ್ಚಿದ್ದರೆ ತೀವ್ರ. ಒಬ್ಬ ವೈದ್ಯರು ಡಿಪೆಂಡೆನ್ಸ್ ಎಂದು, ಇನ್ನೊಬ್ಬರು ಡಿಸಾರ್ಡರ್ ಎಂದು ಬರೆದರೆ ಗಾಬರಿಯಾಗಬೇಡಿ. ಅಳೆಯುವ ಕೋಲು ಬೇರೆ, ಕಾಯಿಲೆ ಒಂದೇ.

ಇಲ್ಲೇ ಇನ್ನೊಂದು ಮಾತು. ದೇಹದ ಅವಲಂಬನೆಯಿದ್ದ ಮಾತ್ರಕ್ಕೆ ವ್ಯಸನ ಇದೆಯೆಂದಲ್ಲ. ಕ್ಯಾನ್ಸರ್ ನೋವಿಗೆ ತಿಂಗಳುಗಟ್ಟಲೆ ಮಾರ್ಫಿನ್ ತೆಗೆದುಕೊಳ್ಳುವವರ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ, ತಟಕ್ಕನೆ ನಿಲ್ಲಿಸಿದರೆ ಒದ್ದಾಡುತ್ತಾರೆ. ಆದರೆ ಅವರು ಮಾರ್ಫಿನ್‌ಗಾಗಿ ಸುಳ್ಳು ಹೇಳುತ್ತಿಲ್ಲ, ಬದುಕನ್ನು ಅದಕ್ಕೆ ಒತ್ತೆ ಇಟ್ಟಿಲ್ಲ. ಅವರಿಗೆ ವ್ಯಸನಿ ಎಂಬ ಪದ ಸಲ್ಲದು.

ಹೆಜ್ಜೆ 3: 'ಸ್ವಲ್ಪ' ಅನ್ನುವುದನ್ನು ಗ್ರಾಮಿಗೆ ಇಳಿಸಿ

"ಅವರು ಕುಡಿಯೋದು ಬರೀ ಬಿಯರ್ರು" ಅನ್ನುವ ಸಮಾಧಾನ ಬಹಳ ಮನೆಗಳಲ್ಲಿದೆ. ಅದಕ್ಕೆ ಉತ್ತರ 'ಸ್ಟ್ಯಾಂಡರ್ಡ್ ಡ್ರಿಂಕ್' ಎಂಬ ಅಳತೆ. ಲೋಟ, ಬಾಟಲಿ, ಬಣ್ಣ ಎಲ್ಲ ಮರೆತು ಒಳಗಿರುವ ಶುದ್ಧ ಆಲ್ಕೋಹಾಲನ್ನು ಮಾತ್ರ ತೂಗುವ ಲೆಕ್ಕ ಅದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯಲ್ಲಿ ಒಂದು ಡ್ರಿಂಕ್ ಎಂದರೆ 10 ಗ್ರಾಂ. ಬ್ರಿಟನ್ನಿನ 'ಯೂನಿಟ್' 8 ಗ್ರಾಂ, ಅಮೆರಿಕದ ಡ್ರಿಂಕ್ 14 ಗ್ರಾಂ. ಯಾವ ದೇಶದ ಲೇಖನ ಓದುತ್ತಿದ್ದೀರಿ ಎಂದು ನೋಡಿಕೊಳ್ಳದಿದ್ದರೆ ಲೆಕ್ಕ ಎಕ್ಕುಟ್ಟಿಹೋಗುತ್ತದೆ.

ಸೂತ್ರ ಸುಲಭ: ಎಂಎಲ್‌ನಲ್ಲಿ ಅಳತೆ, ಗುಣಿಸು ಲೇಬಲ್ ಮೇಲಿನ ಶೇಕಡಾ, ಗುಣಿಸು 0.789. ಶೇ 8ರ ಸ್ಟ್ರಾಂಗ್ ಬಿಯರಿನ 500 ಎಂಎಲ್ ಡಬ್ಬಿಯಲ್ಲಿ 40 ಎಂಎಲ್ ಆಲ್ಕೋಹಾಲ್, ತೂಕ ಸುಮಾರು 32 ಗ್ರಾಂ. ಶೇ 40ರ ವಿಸ್ಕಿಯ ಒಂದು ಪೆಗ್ಗಿನಲ್ಲಿ, ಅಂದರೆ 30 ಎಂಎಲ್‌ನಲ್ಲಿ ಒಂಬತ್ತೂವರೆ ಗ್ರಾಂ. 'ಬರೀ ಬಿಯರ್' ಡಬ್ಬಿ ಒಂದಕ್ಕೆ ಮೂರು ಪೆಗ್ಗಿಗಿಂತ ಹೆಚ್ಚು ಎಂದಾಯಿತು. ನಾನು ಈ ಲೆಕ್ಕವನ್ನು ಅಣ್ಣನ ಮುಂದೆ ಹಿಡಿದಾಗ ಅವನು ಮೊದಲು ನಕ್ಕ, ಆಮೇಲೆ ಪೆನ್ನು ಕಸಿದುಕೊಂಡು ತಾನೇ ಗುಣಿಸಿ ನೋಡಿದ.

ಆಡಿಟ್ ಎಂಬ ಪ್ರಶ್ನಾವಳಿಯ ಹೆಸರು ಕೇಳಿದರೆ ಲೆಕ್ಕಪತ್ರ ಎಂದುಕೊಳ್ಳಬೇಡಿ. ಹತ್ತು ಪ್ರಶ್ನೆ, ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಕಡೆ ವಾಲಿದೆ ಎಂದು ಅರ್ಥ. 'ಬಿಂಜ್' ಎಂದರೆ ಕಡಿಮೆ ಹೊತ್ತಿನಲ್ಲಿ ಸುರಿದುಕೊಳ್ಳುವುದು. ವಾರಕ್ಕೊಮ್ಮೆ ಮಾತ್ರ ಕುಡಿಯುವವರಿಗೂ ಈ ಮಾತು ಅನ್ವಯಿಸುತ್ತದೆ. 'ಬ್ಲ್ಯಾಕ್‌ಔಟ್' ಎಂದರೆ ಪ್ರಜ್ಞೆ ತಪ್ಪಿ ಬೀಳುವುದಲ್ಲ. ಮನುಷ್ಯ ಎದ್ದು ಓಡಾಡುತ್ತಿರುತ್ತಾನೆ, ಮಾತಾಡುತ್ತಾನೆ, ಗಾಡಿಯನ್ನೂ ಓಡಿಸಿಬಿಡುತ್ತಾನೆ. ಮಿದುಳು ಮಾತ್ರ ಆ ಹೊತ್ತಿನ ನೆನಪನ್ನು ದಾಖಲಿಸಿಕೊಳ್ಳುವುದೇ ಇಲ್ಲ. ಮರುದಿನ "ನಾನು ಹಾಗಂದೆನಾ?" ಎಂದು ಕೇಳುವವನು ಎಷ್ಟೋ ಸಲ ನಾಟಕ ಆಡುತ್ತಿರುವುದಿಲ್ಲ.

ಹೆಜ್ಜೆ 4: ಟಾಲರೆನ್ಸ್, ವಿತ್‌ಡ್ರಾವಲ್. ಜೀವ ಉಳಿಸುವ ಎರಡು ಪದ

ಉಳಿದದ್ದನ್ನು ಬಿಟ್ಟರೂ ಈ ಭಾಗವನ್ನು ಬಿಡಬೇಡಿ.

ಟಾಲರೆನ್ಸ್ ಎಂದರೆ ದೇಹ ಒಗ್ಗಿಹೋಗಿ, ಮೊದಲು ಎರಡಕ್ಕೆ ಬರುತ್ತಿದ್ದ ಅಮಲಿಗೆ ಈಗ ಆರು ಬೇಕಾಗುವುದು. "ಎಷ್ಟು ಕುಡಿದರೂ ತೂರಾಡಲ್ಲ, ಗಟ್ಟಿ ಆಳು" ಎಂದು ಹೊಗಳುತ್ತಾರಲ್ಲ, ಅದು ಗಟ್ಟಿತನದ ಗುರುತಲ್ಲ, ಕಾಯಿಲೆಯ ಗುರುತು. ಮಿದುಳನ್ನು ಒಂದು ಗಾಡಿ ಎಂದುಕೊಳ್ಳಿ. ಮದ್ಯ ಅದರ ಬ್ರೇಕನ್ನು ಒತ್ತುತ್ತದೆ. ದಿನವೂ ಬ್ರೇಕ್ ಬೀಳುತ್ತಿದ್ದರೆ ಮಿದುಳು ಕೆಲಸ ನಡೆಸಬೇಕಲ್ಲ, ಅದಕ್ಕೆ ಆಕ್ಸಿಲರೇಟರ್ ಜೋರಾಗಿ ತುಳಿಯುತ್ತಾ ಅಭ್ಯಾಸ ಮಾಡಿಕೊಳ್ಳುತ್ತದೆ. ಒಂದು ದಿನ ಮದ್ಯ ನಿಂತುಬಿಟ್ಟರೆ ಬ್ರೇಕ್ ಮೇಲಿನ ಕಾಲು ಹೋಯಿತು, ಆಕ್ಸಿಲರೇಟರ್ ಮೇಲಿನದು ಹಾಗೇ ಇದೆ. ಆಗ ಆಗುವ ಒದ್ದಾಟವೇ ವಿತ್‌ಡ್ರಾವಲ್. ಕನ್ನಡದಲ್ಲಿ 'ಹಿಂತೆಗೆತದ ಲಕ್ಷಣ' ಎಂದು ಬರೆಯುತ್ತಾರೆ. ವಾರ್ಡಿನಲ್ಲಿ ಯಾರ ಬಾಯಲ್ಲೂ ಆ ಪದ ನಾನು ಕೇಳಲಿಲ್ಲ, ಎಲ್ಲರೂ 'ವಿತ್‌ಡ್ರಾವಲ್' ಅಂತಲೇ ಅನ್ನುತ್ತಿದ್ದರು.

ಮದ್ಯದ ವಿತ್‌ಡ್ರಾವಲ್‌ಗೆ ಒಂದು ವೇಳಾಪಟ್ಟಿ ಇದೆ. ಕೊನೆಯ ಗುಟುಕಿನಿಂದ ಆರೆಂಟು ಗಂಟೆಗೆ ಕೈ ನಡುಕ, ಬೆವರು, ವಾಕರಿಕೆ, ಎದೆ ಡವಡವ. ಅರ್ಧ ದಿನದಿಂದ ಒಂದು ದಿನದೊಳಗೆ ಕೆಲವರಿಗೆ ಇಲ್ಲದ ದನಿ ಕೇಳುತ್ತದೆ, ಇಲ್ಲದ್ದು ಕಾಣಿಸುತ್ತದೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಬರುವ ದೊಡ್ಡ ಅಪಾಯದ ಹೆಸರು ಡೆಲಿರಿಯಂ ಟ್ರೆಮೆನ್ಸ್, ವಾರ್ಡಿನವರ ಬಾಯಲ್ಲಿ 'ಡಿಟಿ'. ನಡುಕಸನ್ನಿ ಎಂದು ಕರೆದರೆ ಅರ್ಥ ಚೆನ್ನಾಗಿ ಕೂರುತ್ತದೆ: ನಡುಕವೂ ಹೌದು, ಸನ್ನಿಯೂ ಹೌದು. ಜ್ವರ ಏರುತ್ತದೆ, ನಾಡಿ ಓಡುತ್ತದೆ, ತಾನು ಎಲ್ಲಿದ್ದೇನೆ, ಇದು ಹಗಲೋ ರಾತ್ರಿಯೋ ಎಂಬುದು ತಿಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಆದದ್ದು ಇದು. ಆಸ್ಪತ್ರೆಗೆ ಹೋಗುವ ಮುಂಚೆ, "ಒಂದು ವಾರ ಕೂಡಿ ಹಾಕಿದರೆ ತಾನಾಗಿ ಬಿಡ್ತಾನೆ" ಎಂದು ಶುಕ್ರವಾರ ರಾತ್ರಿ ಅಣ್ಣನನ್ನು ಕೋಣೆಯಲ್ಲಿಟ್ಟು ಚಿಲಕ ಹಾಕಿದೆವು. ಶನಿವಾರ ಅವನಿಗೆ ನೀರಿನ ಲೋಟ ಹಿಡಿಯಲಾಗಲಿಲ್ಲ, ಹಲ್ಲಿಗೆ ಲೋಟ ಕಟಕಟ ಬಡಿಯುತ್ತಿತ್ತು. "ಇದೆಲ್ಲ ಬಿಡಿಸೋಕೆ ಆಗೋದೇ" ಅಂದುಕೊಂಡೆವು. ಭಾನುವಾರ ರಾತ್ರಿ ನಾನು ಒಳಗೆ ಹೋದಾಗ ಹೊದಿಕೆಯ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ನೆಲಕ್ಕೆ ಹಾಕುತ್ತಿದ್ದ. "ನಿಂತ್ಕೊಂಡು ಏನ್ ನೋಡ್ತೀಯೋ, ಇರುವೆ ಒರೆಸು" ಎಂದ. ಹೊದಿಕೆಯ ಮೇಲೆ ಏನೂ ಇರಲಿಲ್ಲ. ನನ್ನನ್ನು ತೀರಿಹೋದ ಚಿಕ್ಕಪ್ಪನ ಹೆಸರಿಟ್ಟು ಕರೆದ. ಆಗ ಆಸ್ಪತ್ರೆಗೆ ಓಡಿದೆವು. ಇನ್ನೊಂದು ರಾತ್ರಿ ಕಾದಿದ್ದರೆ ಏನಾಗುತ್ತಿತ್ತು ಎಂದು ಡ್ಯೂಟಿ ಡಾಕ್ಟರು ಹೇಳಿದ್ದನ್ನು ಅತ್ತಿಗೆಗೆ ನಾನು ಇವತ್ತಿಗೂ ಹೇಳಿಲ್ಲ.

ಅದಕ್ಕೇ ಹೇಳುವುದು: ದಿನವೂ ಹೆಚ್ಚು ಕುಡಿಯುವವರನ್ನು ವೈದ್ಯರ ಕಣ್ಣಳತೆಯಿಲ್ಲದೆ ಒಮ್ಮೆಲೇ ನಿಲ್ಲಿಸಬೇಡಿ, ನಿಲ್ಲಿಸಲು ಬಲವಂತವನ್ನೂ ಮಾಡಬೇಡಿ. ಫಿಟ್ಸ್, ಗೊಂದಲ, ಇಲ್ಲದ್ದು ಕಾಣುವುದು, ಜ್ವರ, ಇವುಗಳಲ್ಲಿ ಒಂದು ಕಂಡರೂ ಅದು ತುರ್ತು ಚಿಕಿತ್ಸೆಯ ವಿಷಯ. ಹಿಂದೆ ವಿತ್‌ಡ್ರಾವಲ್‌ನಲ್ಲಿ ಫಿಟ್ಸೋ ಡಿಟಿಯೋ ಬಂದಿದ್ದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡಿದಷ್ಟೂ ವಿತ್‌ಡ್ರಾವಲ್ ಬಿರುಸಾಗುತ್ತ ಹೋಗಬಹುದು. ಇದಕ್ಕೆ 'ಕಿಂಡ್ಲಿಂಗ್' ಎನ್ನುತ್ತಾರೆ, ಕಿಡಿ ಕಿಡಿಯಾಗಿ ಹೊತ್ತಿಕೊಳ್ಳುವುದು ಎಂಬ ಅರ್ಥದಲ್ಲಿ.

ಬೇರೆ ಪದಾರ್ಥಗಳ ವಿತ್‌ಡ್ರಾವಲ್ ಹೀಗೇ ಇರುವುದಿಲ್ಲ. ಡಯಾಜೆಪಾಮ್, ಆಲ್‌ಪ್ರಜೋಲಾಮ್‌ನಂಥ ನಿದ್ದೆ-ಆತಂಕದ ಮಾತ್ರೆಗಳು ಮದ್ಯದ ಸ್ವಂತ ತಮ್ಮಂದಿರು; ತಟಕ್ಕನೆ ನಿಲ್ಲಿಸಿದರೆ ಅಲ್ಲೂ ಫಿಟ್ಸ್ ಬರಬಹುದು, ವಾರಗಟ್ಟಲೆ ಹಂತ ಹಂತವಾಗಿ ಇಳಿಸಬೇಕು. ಈ ಇಳಿಸುವಿಕೆಗೆ 'ಟೇಪರಿಂಗ್' ಎಂದು ಹೆಸರು. ಹೆರಾಯಿನ್, ಮಾರ್ಫಿನ್‌ನಂಥ ಓಪಿಯಾಯ್ಡ್‌ಗಳಲ್ಲಿ ಕಣ್ಣು ಮೂಗು ಸುರಿಯುತ್ತದೆ, ಆಕಳಿಕೆ, ಮೈ ಜುಮ್ಮೆನ್ನುವುದು, ಭೇದಿ, ಮೂಳೆ ಮುರಿದಂಥ ನೋವು. ಸತ್ತರೇ ವಾಸಿ ಅನ್ನಿಸುತ್ತದೆ, ಆದರೆ ಆರೋಗ್ಯವಂತರಲ್ಲಿ ಆ ಒದ್ದಾಟದಿಂದಲೇ ಸಾವು ಅಪರೂಪ. ಕೊಕೇನ್, ಆಂಫೆಟಮೈನ್‌ನಂಥ ಉತ್ತೇಜಕಗಳಲ್ಲಿ ಬರುವುದಕ್ಕೆ 'ಕ್ರ್ಯಾಶ್' ಅನ್ನುತ್ತಾರೆ: ಅತಿ ನಿದ್ದೆ, ಅತಿ ಹಸಿವು, ಪಾತಾಳಕ್ಕಿಳಿದ ಮನಸ್ಸು. ಅಲ್ಲಿ ಎಚ್ಚರವಾಗಿರಬೇಕಾದದ್ದು ಆತ್ಮಹತ್ಯೆಯ ಯೋಚನೆಯ ಬಗ್ಗೆ. ಗಾಂಜಾಕ್ಕೆ ವಿತ್‌ಡ್ರಾವಲ್ಲೇ ಇಲ್ಲ ಎನ್ನುವುದು ಸುಳ್ಳು. ಸಿಡಿಮಿಡಿ, ನಿದ್ದೆಗೇಡು, ಹಸಿವು ಸತ್ತುಹೋಗುವುದು ಎಲ್ಲ ಇದೆ, ಜೀವಕ್ಕೆ ಅಪಾಯವಾಗುವುದಿಲ್ಲ ಅಷ್ಟೇ.

ಹೆಜ್ಜೆ 5: ಕೇಸ್ ಶೀಟಿನ ಅಕ್ಷರ-ಅಂಕಿ ಓದಿ

ಐಸಿಡಿ-10 ಬಳಸುವ ಕಡೆ ಡಿಸ್ಚಾರ್ಜ್ ಕಾಗದದಲ್ಲಿ 'ಎಫ್ 10.3' ಎಂದೋ 'ಎಫ್ 11.2' ಎಂದೋ ಇರುತ್ತದೆ. ಚುಕ್ಕಿಗೆ ಮುಂಚಿನದು ಪದಾರ್ಥ: 10 ಮದ್ಯ, 11 ಓಪಿಯಾಯ್ಡ್, 12 ಗಾಂಜಾ, 13 ನಿದ್ದೆ ಮಾತ್ರೆಗಳು, 14 ಕೊಕೇನ್, 17 ತಂಬಾಕು, 18 ಮೂಸುವ ದ್ರಾವಣಗಳು, 19 ಹಲವು ಒಟ್ಟಿಗೆ. ಚುಕ್ಕಿಯ ಆಚೆಗಿನದು ಸ್ಥಿತಿ: 0 ಅಮಲೇರಿದ ಹೊತ್ತು, 1 ಹಾನಿಕರ ಬಳಕೆ, 2 ಅವಲಂಬನೆ, 3 ವಿತ್‌ಡ್ರಾವಲ್, 4 ಸನ್ನಿಯೊಂದಿಗೆ ವಿತ್‌ಡ್ರಾವಲ್, 5 ಮತಿವಿಕಲತೆ, 6 ನೆನಪು ಹೋಗುವುದು. ಅಣ್ಣನ ಕಾಗದದಲ್ಲಿ ಎಫ್ 10.4 ಎಂದಿತ್ತು. ಅದೇನೋ ಬೆಡ್ ನಂಬರು ಎಂದುಕೊಂಡಿದ್ದೆ.

'ಡ್ಯುಯಲ್ ಡಯಾಗ್ನೋಸಿಸ್' ಅಥವಾ 'ಕೊಮಾರ್ಬಿಡಿಟಿ' ಎಂದಿದ್ದರೆ ವ್ಯಸನದ ಜೊತೆಗೆ ಖಿನ್ನತೆ, ಆತಂಕ, ಬೈಪೋಲಾರ್‌ನಂಥ ಇನ್ನೊಂದು ಕಾಯಿಲೆ ಇದೆ ಎಂದರ್ಥ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು. 'ವೆರ್ನಿಕೆ' ಎಂಬ ಪದ ಕಂಡರೆ ಗಮನ ಕೊಡಿ. ಥಯಮಿನ್, ಅಂದರೆ ಬಿ1 ಜೀವಸತ್ವ ಬತ್ತಿ ಮಿದುಳಿಗೆ ಬೀಳುವ ಏಟು ಅದು: ಗೊಂದಲ, ಕಣ್ಣುಗುಡ್ಡೆ ಸರಿಯಾಗಿ ಹೊರಳದಿರುವುದು, ನಡಿಗೆ ವಾಲುವುದು. ತಡ ಮಾಡಿದರೆ ಹೊಸ ನೆನಪೇ ನಿಲ್ಲದ ಕೊರ್ಸಕಾಫ್ ಸ್ಥಿತಿಗೆ ಜಾರುತ್ತದೆ. ಮೊದಲ ದಿನದಿಂದಲೇ ಥಯಮಿನ್ ಇಂಜೆಕ್ಷನ್ ಚುಚ್ಚುವುದು ಇದಕ್ಕೇ. ಅದನ್ನು 'ಬರೀ ವಿಟಮಿನ್ನು' ಅಂದುಕೊಂಡು ಬೇಡ ಎನ್ನಬೇಡಿ.

ಹೆಜ್ಜೆ 6: ಮಾತ್ರೆಗಳ ಕೆಲಸ ತಿಳಿದುಕೊಳ್ಳಿ

ಡಿಟಾಕ್ಸ್ ದಿನಗಳಲ್ಲಿ ಕೊಡುವುದು ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್, ಲಿವರ್ ಸೋತಿದ್ದರೆ ಲೋರಾಜೆಪಾಮ್. ಹೋದ ಬ್ರೇಕಿನ ಜಾಗದಲ್ಲಿ ತಾತ್ಕಾಲಿಕ ಬ್ರೇಕ್. ದಿನ ದಿನಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಮನೆಗೆ ಬಂದ ಮೇಲೂ ಅಂಗಡಿಯಿಂದ ತಂದು ಮುಂದುವರಿಸಿದರೆ ಒಂದು ವ್ಯಸನ ಹೋಗಿ ಇನ್ನೊಂದು ಬಂದಂತೆ.

ಬಯಕೆ ತಗ್ಗಿಸುವ ಮಾತ್ರೆಗಳನ್ನು 'ಆಂಟಿ-ಕ್ರೇವಿಂಗ್' ಅನ್ನುತ್ತಾರೆ: ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್. ನಾಲ್ಟ್ರೆಕ್ಸೋನ್ ಕುಡಿದಾಗ ಸಿಗುವ ಸುಖದ ಕಳೆಯನ್ನೇ ಕಿತ್ತುಹಾಕುತ್ತದೆ. ಓಪಿಯಾಯ್ಡ್ ಬಳಸುತ್ತಿರುವವರಿಗೆ ಅದನ್ನು ಕೊಟ್ಟರೆ ತಕ್ಷಣ ಭೀಕರ ವಿತ್‌ಡ್ರಾವಲ್ ಹತ್ತಿಕೊಳ್ಳುತ್ತದೆ, ಹಾಗಾಗಿ ವಾರ ಹತ್ತು ದಿನ ಬಿಟ್ಟಿರಲೇಬೇಕು.

ಡೈಸಲ್ಫಿರಾಂ ಬೇರೆ ಜಾತಿ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಎರಿಕ್ ಯಾಕೊಬ್ಸೆನ್, ಯೆನ್ಸ್ ಹಾಲ್ಡ್ ಎಂಬ ಸಂಶೋಧಕರು ಜಂತುಹುಳದ ಔಷಧಿಗಾಗಿ ಇದನ್ನು ಪರೀಕ್ಷಿಸುತ್ತಾ ತಾವೇ ನುಂಗಿ ನೋಡಿದ್ದರು. ಆಮೇಲೆ ಮದ್ಯ ಕುಡಿದಾಗ ಮೈ ಕೆಟ್ಟಿತು. ಮದ್ಯ ಕರಗುವ ದಾರಿಯಲ್ಲಿ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷ ಮುಂದೆ ಒಡೆಯದಂತೆ ಇದು ತಡೆಯುತ್ತದೆ. ಮಾತ್ರೆ ನುಂಗಿದವರು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಹೀಗಾಗಬಹುದು. ಕುಡಿದು ಕನಿಷ್ಠ 12 ಗಂಟೆ ಆಗುವ ತನಕ ಇದನ್ನು ಶುರು ಮಾಡಲೂ ಬಾರದು.

'ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ' ಎಂದು ಮಾರುವ ಪುಡಿ, ಹನಿಗಳ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಒಳಗೆ ಏನಿದೆ ಎಂದು ಹೇಳುವುದಿಲ್ಲ. ಡೈಸಲ್ಫಿರಾಂನಂಥದ್ದು ಇದ್ದು, ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಹೃದಯ ದುರ್ಬಲವಿದ್ದವರ ಪ್ರಾಣವೇ ಹೋಗಬಹುದು. ಗುಟ್ಟಾಗಿ ಕೊಡುವ ಔಷಧಿ ಯಾವುದೂ ಬೇಡ. ಈ ವಿಷಯದಲ್ಲಿ ನನಗೆ ರಾಜಿಯೇ ಇಲ್ಲ.

ಮೆಥಡೋನ್, ಬುಪ್ರೆನಾರ್ಫಿನ್ ಓಪಿಯಾಯ್ಡ್ ವ್ಯಸನಕ್ಕೆ ಕೊಡುವಂಥವು. "ಒಂದು ಬಿಡಿಸಿ ಇನ್ನೊಂದು ಹಿಡಿಸಿದರು" ಎಂಬ ದೂರು ಇವುಗಳ ಮೇಲಿದೆ. ಇವು ವಿತ್‌ಡ್ರಾವಲ್ಲನ್ನೂ ಬಯಕೆಯನ್ನೂ ಅದುಮಿಟ್ಟು, ಏರಿಳಿತವಿಲ್ಲದೆ ದಿನ ದೂಡಲು ಬಿಡುತ್ತವೆ. ಓವರ್‌ಡೋಸ್ ಸಾವನ್ನು ಗಣನೀಯವಾಗಿ ತಗ್ಗಿಸುತ್ತವೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಯಾವಾಗ ಬಿಡ್ತೀರಿ ಎಂದು ನಾವು ದಿನಾ ಪೀಡಿಸುವುದಿಲ್ಲ. ಇಲ್ಲೂ ಅಷ್ಟು ಸೈರಣೆ ಇರಲಿ.

ಓವರ್‌ಡೋಸ್: ಓಪಿಯಾಯ್ಡ್ ಹೆಚ್ಚಾದಾಗ ಮೂರು ಗುರುತು ಒಟ್ಟಿಗೆ ಕಾಣುತ್ತವೆ. ಎಬ್ಬಿಸಿದರೆ ಏಳುವುದಿಲ್ಲ, ಉಸಿರು ನಿಧಾನವಾಗಿ ನಿಲ್ಲುತ್ತಾ ಬರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ನಾಲೋಕ್ಸೋನ್ ಎಂಬ ಪ್ರತಿವಿಷ ಇದೆ, ಮೂಗಿಗೆ ಸಿಂಪಡಿಸುವ ರೂಪದಲ್ಲೂ ಬರುತ್ತದೆ. ಅದರ ಕೆಲಸ 30ರಿಂದ 90 ನಿಮಿಷ ಮಾತ್ರ. ಎದ್ದು ಕೂತರೆಂದು ಮನೆಯಲ್ಲೇ ಉಳಿಸಿಕೊಳ್ಳಬೇಡಿ, ಮತ್ತೆ ಉಸಿರು ನಿಲ್ಲಬಹುದು. ಓವರ್‌ಡೋಸ್ ಸಾವಿನ ಅಪಾಯ ಅತಿ ಹೆಚ್ಚಿರುವ ಹೊತ್ತುಗಳಲ್ಲಿ ಒಂದು ಡಿಟಾಕ್ಸ್ ಮುಗಿಸಿ ಹೊರಬಂದ ಮೊದಲ ವಾರಗಳು. ಟಾಲರೆನ್ಸ್ ಇಳಿದಿರುತ್ತದೆ, ಕೈಗೆ ಮಾತ್ರ ಹಳೆಯ ಅಳತೆಯೇ ನೆನಪಿರುತ್ತದೆ.

ಹೆಜ್ಜೆ 7: ಲ್ಯಾಪ್ಸ್ ಬೇರೆ, ರಿಲ್ಯಾಪ್ಸ್ ಬೇರೆ

ಕ್ರೇವಿಂಗ್ ಎಂದರೆ ತುಡಿತ, ಅಲೆಯಂತೆ ಬರುತ್ತದೆ. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಹೆಚ್ಚಿನ ಸಲ ಅರ್ಧ ಗಂಟೆಯೊಳಗೆ. ಅದರ ಜೊತೆ ಗುದ್ದಾಡದೆ, ಇಳಿಯುವ ತನಕ ನೋಡುತ್ತಾ ಕೂರುವುದನ್ನು 'ಅರ್ಜ್ ಸರ್ಫಿಂಗ್' ಎಂದು ಕಲಿಸುತ್ತಾರೆ. ತುಡಿತ ಎಬ್ಬಿಸುವುದಕ್ಕೆ ಟ್ರಿಗರ್ ಎಂದು ಹೆಸರು. ಅಣ್ಣನಿಗೆ ಅದು ಸಂಜೆ ಆರರ ಹೊತ್ತು. ಗೆಳೆಯರಲ್ಲ, ದುಃಖವಲ್ಲ, ಬರೀ ಆ ಹೊತ್ತಿನ ಬೆಳಕು. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕನ್ನು ಎಲ್ಲ ಕಡೆಯೂ ಮೊದಲು ವಿಚಾರಿಸುತ್ತಾರೆ.

ಲ್ಯಾಪ್ಸ್ ಎಂದರೆ ಒಮ್ಮೆ ಎಡವುವುದು. ರಿಲ್ಯಾಪ್ಸ್ ಎಂದರೆ ಹಳೆಯ ಕುಡಿತಕ್ಕೇ ಮರಳುವುದು, ಮರುಕಳಿಕೆ. ನಡುವೆ ಇರುವುದು 'ಹೇಗೂ ಕೆಟ್ಟಿತಲ್ಲ, ಇನ್ನೇನು' ಎಂಬ ಯೋಚನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಎಡವಿದವರನ್ನು ಪೂರ್ತಿ ಬೀಳಿಸುವುದು ಈ ಯೋಚನೆಯೇ ಎಂದು ತೋರಿಸಿ ಅದರ ಮೇಲೆ ಒಂದು ಚಿಕಿತ್ಸಾ ಕ್ರಮವನ್ನೇ ಕಟ್ಟಿದರು. ಇಪ್ಪತ್ತನೇ ದಿನ ಅಣ್ಣ ಕುಡಿದದ್ದು ಒಂದು ಪೆಗ್. "ಅಷ್ಟು ಖರ್ಚು ಮಾಡಿದ್ದೂ ನೀರಲ್ಲಿ ಹೋಮ" ಎಂದು ನಾನೇ ಅಂದೆ. ಎರಡನೇ ಪೆಗ್ಗಿನಿಂದ ಮುಂದಿನದೆಲ್ಲ ಆ ಮಾತಿನ ನಂತರದ್ದು.

ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆ ಕೊಡುವ ಲೆಕ್ಕದಲ್ಲಿ ವ್ಯಸನದ ಮರುಕಳಿಕೆ ಶೇ 40ರಿಂದ 60. ಬಿಪಿ, ಆಸ್ತಮಾದಲ್ಲಿ ಅದು ಶೇ 50ರಿಂದ 70. ಬಿಪಿ ಏರಿದವರನ್ನು ನಾವು ಮನೆಯಿಂದ ಆಚೆ ಹಾಕುವುದಿಲ್ಲ.

'ರೆಮಿಷನ್' ಎಂದು ಬರೆದಿದ್ದರೆ ಸಂತೋಷಪಡಿ: ಡಿಎಸ್‌ಎಂ-5 ಪ್ರಕಾರ ಗುರುತುಗಳಿಲ್ಲದೆ ಮೂರು ತಿಂಗಳು ಕಳೆದರೆ ಆರಂಭಿಕ, ಹನ್ನೆರಡು ತಿಂಗಳು ಕಳೆದರೆ ಸ್ಥಿರ. ತುಡಿತ ಉಳಿದಿದ್ದರೂ ಲೆಕ್ಕಕ್ಕೆ ತೊಂದರೆಯಿಲ್ಲ, ಅದನ್ನೊಂದನ್ನು ಅವರೇ ಬಿಟ್ಟಿದ್ದಾರೆ. 'ರಿಕವರಿ' ಇನ್ನೂ ಅಗಲವಾದ ಪದ, ಕುಡಿಯದಿರುವುದರ ಜೊತೆಗೆ ಕೆಲಸ, ನಿದ್ದೆ, ಸಂಬಂಧ ಎಲ್ಲ ಹಳಿಗೆ ಬರುವುದು. 'ಎಎ', ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುವಾದ ಕೂಟ. ಅಲ್ಲಿ 'ಸ್ಪಾನ್ಸರ್' ಎಂದರೆ ದುಡ್ಡು ಕೊಡುವವರಲ್ಲ, ಮುಂಚೆ ಬಿಟ್ಟು ಈಗ ಕೈ ಹಿಡಿದು ನಡೆಸುವ ಹಿರಿಯ ಜೊತೆಗಾರ. ಮನೆಯವರಿಗೆಂದೇ ಅಲ್-ಅನಾನ್ ಇದೆ.

ಹೆಜ್ಜೆ 8: ಮನೆಯವರ ಮೇಲೆ ಬೀಳುವ ಪದಗಳು

'ಡಿನಯಲ್' ಅಂದರೆ ನಿರಾಕರಣೆ. ಸುಳ್ಳಿಗೂ ಇದಕ್ಕೂ ವ್ಯತ್ಯಾಸವಿದೆ, ಸುಳ್ಳುಗಾರನಿಗೆ ನಿಜ ಗೊತ್ತಿರುತ್ತದೆ. 'ಎನೇಬ್ಲಿಂಗ್' ಎಂದರೆ ಕುಡಿತದ ಪೆಟ್ಟು ಕುಡಿದವನಿಗೆ ತಾಗದಂತೆ ನಾವು ಅಡ್ಡ ನಿಲ್ಲುವುದು: ಆಫೀಸಿಗೆ ಜ್ವರ ಎಂದು ಫೋನ್ ಮಾಡುವುದು, ಸಾಲ ತೀರಿಸುವುದು. ನಾನು ಮೂರು ವರ್ಷ ಮಾಡಿದ್ದು ಅದನ್ನೇ. ಆದರೆ ಈ ಪದವನ್ನು ಮನೆಯ ಹೆಣ್ಣುಮಕ್ಕಳ ಮೇಲೆ ಎಸೆಯುವುದನ್ನೂ ನೋಡಿದ್ದೇನೆ, "ನೀನೇ ಹಾಳು ಮಾಡಿದ್ದು" ಎಂದು. ಅತ್ತಿಗೆ ಸಾಲ ತೀರಿಸಿದ್ದು ಮಕ್ಕಳಿಗೆ ಸೂರು ಉಳಿಯಲಿ ಎಂದು. 'ಕೋಡಿಪೆಂಡೆನ್ಸಿ', ಸಹ-ಅವಲಂಬನೆ, ಎಂಬುದು ಐಸಿಡಿಯಲ್ಲೂ ಡಿಎಸ್‌ಎಂನಲ್ಲೂ ಇರುವ ಕಾಯಿಲೆಯಲ್ಲ. ಯಾರಾದರೂ ನಿಮ್ಮ ಹಣೆಗೆ ಅದನ್ನು ಅಂಟಿಸಿದರೆ ಹಾಗೇ ಒಪ್ಪಿಕೊಳ್ಳಬೇಕಿಲ್ಲ.

'ಕುಡುಕ' ಎಂಬ ಪದವನ್ನು ನಾನೇ ಈ ಲೇಖನದಲ್ಲಿ ಒಮ್ಮೆ ಬಳಸಿದ್ದೇನೆ, ಎಎ ಕೂಟದವರು ತಮ್ಮನ್ನು ಹಾಗೇ ಕರೆದುಕೊಳ್ಳುತ್ತಾರೆಂಬ ಧೈರ್ಯದಿಂದ. ಅವರಿಗೆ ಆ ಹಕ್ಕಿದೆ. ನಮಗಿಲ್ಲ.

ಹೆಜ್ಜೆ 9: ಸೇರಿಸುವ ಮುಂಚೆ ಬಾಗಿಲಲ್ಲೇ ಕೇಳಿ

ಅಣ್ಣನನ್ನು ಎರಡನೇ ಸಲ ಕರೆದುಕೊಂಡು ಹೋದಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಇಲ್ಲಿ ನಡೆಯುವುದು ಡಿಟಾಕ್ಸ್ ಮಾತ್ರವೋ, ಆಮೇಲೆ ರಿಹ್ಯಾಬ್, ಅಂದರೆ ವ್ಯಸನದ ಪುನರ್ವಸತಿ ಚಿಕಿತ್ಸೆ, ಕೂಡ ಇದೆಯೋ. ವೈದ್ಯರು ರಾತ್ರಿಯೂ ಸಿಗುತ್ತಾರೋ, ಫಿಟ್ಸ್ ಬಂದರೆ ಯಾರು ನೋಡುತ್ತಾರೆ. ಖಿನ್ನತೆಗೂ ತಪಾಸಣೆ ಮಾಡುತ್ತೀರಾ. ಹೊಡೆಯುವುದು, ಕಟ್ಟಿ ಹಾಕುವುದು ಇದೆಯೇ. ಈ ಪ್ರಶ್ನೆಗೆ ಸಿಟ್ಟು ಮಾಡಿಕೊಂಡವರ ಬಾಗಿಲಿಂದ ವಾಪಸ್ ಬಂದೆವು. ಮನೆಗೆ ಹೋದ ಮೇಲೆ ಯಾವ ಮಾತ್ರೆ, ಎಷ್ಟು ದಿನ. ಎಡವಿದರೆ ಯಾರಿಗೆ ಫೋನ್ ಮಾಡಬೇಕು. ಡಿಸ್ಚಾರ್ಜ್ ಆದ ಮೇಲಿನ ಮೊದಲ ಭೇಟಿ ಯಾವತ್ತು. ಕೊನೆಯದಕ್ಕೆ ಬಾಯಿ ಮಾತಿನ ಉತ್ತರ ಬೇಡ, ದಿನಾಂಕವನ್ನು ಕಾಗದದ ಮೇಲೇ ಬರೆಸಿಕೊಳ್ಳಿ.